ಅರ್ಧ ಶೀಟು

ಹತ್ತು ಮಾತ್ರೆಯ ಶೀಟನ್ನು ಎಲ್ಲಿ ಕತ್ತರಿಸಬೇಕು
ಅಂತ ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.
ಮಂಡ್ಯದ ಗುತ್ತಲು ರಸ್ತೆಯ ಈ ಅಂಗಡಿಯಲ್ಲಿ
ಹದಿನಾಲ್ಕು ವರ್ಷ ಕತ್ತರಿ ಹಿಡಿದು ಕಲಿತದ್ದು:
ತಾರೀಖು ಅಚ್ಚಾದ ತುದಿ ನಮ್ಮ ಕಡೆ,
ತಾರೀಖಿಲ್ಲದ ನಾಲ್ಕು ಮಾತ್ರೆ ಗಿರಾಕಿ ಕಡೆ.
ಉಳಿದ ತುಂಡನ್ನು ನಾಳೆ ಮಾರಬೇಕಲ್ಲ,
ಮಾಲೀಕ ಸೋಹನ್‌ಲಾಲರ ಲೆಕ್ಕ. ತಪ್ಪೆನ್ನಲೂ ಆಗದು.

ಡಾಕ್ಟರು ಬರೆಯುವುದು ಮೂವತ್ತು ದಿನಕ್ಕೆ.
ಜನ ಕೇಳುವುದು ಕೈಯಲ್ಲಿರುವ ನೋಟಿಗೆ.
"ಐವತ್ ರೂಪಾಯ್ಗೆ ಎಷ್ಟ್ ಬತ್ತವೆ ಅಷ್ಟ್ ಕೊಡವ್ವ,"
ಕಡ್ಲೆಪುರಿ ಕೇಳಿದ ಹಾಗೆ.
ಚೀಟಿಯ ಐದೂ ಸಾಲಿನ ಮೇಲೆ ಬೆರಳಾಡಿಸಿ
"ಇದ್ರಲ್ಲಿ ಯಾವುದ್ ಬುಟ್ರೆ ನಡೀತದೆ?"
ಎಂದು ನನ್ನ ಮುಖ ನೋಡುತ್ತಾರೆ.
ನನ್ನ ಮುಖ ಏನು ಓದಿದೆ? ಡಿಪ್ಲೊಮಾ, ಎರಡನೇ ದರ್ಜೆ.
ಟಾನಿಕ್ಕಿನ ಮೇಲೆ ಗೆರೆ ಎಳೆಯುತ್ತೇನೆ.

ಹೊಳಲಿನ ಕಡೆಯಿಂದ ಬರುತ್ತಿದ್ದಳು ಕೆಂಪಾಜಮ್ಮ,
ಆಲೆಮನೆಯಲ್ಲಿ ಅಚ್ಚಿನಿಂದ ಬೆಲ್ಲ ಬಿಡಿಸುವವಳು.
ಅವಳು ಕೊಟ್ಟ ನೋಟುಗಳು ಒಂದಕ್ಕೊಂದು ಅಂಟಿಕೊಂಡು
ಗಲ್ಲಾಪೆಟ್ಟಿಗೆಗೆ ಇರುವೆ ಬರುತ್ತಿತ್ತು.
ಬೀಪಿಗೆ ಗುಲಾಬಿ ಬಣ್ಣದ ಮಾತ್ರೆ, ನಾಲ್ಕು ವರ್ಷದಿಂದ.
ಆ ಸಲ ಬೆಲೆ ಏರಿತ್ತು.
"ಎಲ್ಡ್ ದಿನದ್ ಕೂಲಿ ಇದ್ಕೇ ಆಯ್ತದೆ ಕಣವ್ವ."

ಎಲ್ಲಿಂದ ಬಂತೋ ನನಗೆ ಕರುಣೆ.
ಅದೇ ಔಷಧಿ, ಬೇರೆ ಕಂಪನಿ, ಕಾಲು ಭಾಗ ಬೆಲೆ.
ಡಾಕ್ಟರಿಗೊಂದು ಮಾತು ಕೇಳಲಿಲ್ಲ.
ಬಿಳಿ ಮಾತ್ರೆ, ಮೊದಲ ಸಲ ಇಡೀ ತಿಂಗಳಿಗೆ,
ಕತ್ತರಿ ಮುಟ್ಟದೆ, ಮೂರು ಶೀಟು ಪೂರ್ತಿ ಕೊಟ್ಟೆ.
"ಇದೂ ಅದೇನೇ," ಅಂದೆ.

ಅವಳಿಗೆ ಕೇಳಿಸಿದ್ದು: ಇದೂ. ಅದೂ.

ಮನೆಯಲ್ಲಿ ಗುಲಾಬಿ ಇನ್ನೂ ಹನ್ನೊಂದು ಉಳಿದಿದ್ದವಂತೆ,
ದಿನ ಬಿಟ್ಟು ದಿನ ನುಂಗಿ ಉಳಿಸಿದ್ದು,
ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ.
ಬಿಳಿಯದನ್ನು ಜೊತೆಗೆ ಸೇರಿಸಿಕೊಂಡು
ಒಂದು ದಿನವೂ ತಪ್ಪಿಸದೆ ನುಂಗಿದಳು.

ಐದನೇ ದಿನ ಕೊಪ್ಪರಿಗೆಯ ಬಳಿ ಕಣ್ಣು ಕತ್ತಲಾಯಿತು.
ಬಿದ್ದದ್ದು ಈ ಕಡೆ, ರಚ್ಚಿನ ರಾಶಿಯ ಅಂಚಿನ ಕಲ್ಲಿಗೆ.
ಆ ಕಡೆ ಕುದಿಯುತ್ತಿತ್ತು ಕಬ್ಬಿನ ಹಾಲು.
ನಡುವೆ ಒಂದು ಮೊಳ.
ರಾತ್ರಿ ಮಲಗಿದಾಗ ಆ ಮೊಳವನ್ನು
ನಾನು ನನ್ನ ಕೈಯಿಂದಲೇ ಅಳೆಯುತ್ತೇನೆ.

ಮಗಳು ಪುಟ್ಟಲಕ್ಷ್ಮಿ ಬಂದಳು. ಬೈಯಲಿಲ್ಲ.
ನರ್ಸಿಂಗ್ ಹೋಮಿನ ಬಿಲ್ಲು ಮುಂದಿಟ್ಟು
"ಇದೇನ್ ಬರ್ದವ್ರೆ ವಸಿ ಓದಿ ಹೇಳಿ" ಅಂದಳು.
ಓದಿದೆ: ರೂಮು, ಎಕ್ಸ್‌ರೇ, ತಟ್ಟೆ, ಸ್ಕ್ರೂ,
ಕೈಗವಸು ಹನ್ನೆರಡು ಜೊತೆ.
"ನಮ್ಮವ್ವನ್ಗೆ ಇರಾದು ಎಲ್ಡೇ ಕೈ ಅಲ್ವ?"
ಇಬ್ಬರೂ ನಕ್ಕೆವು. ನಗಬಾರದಿತ್ತು.
ಒಟ್ಟು ನಲವತ್ತೊಂದು ಸಾವಿರದ ಆರುನೂರು.
ನಾನು ಉಳಿಸಿಕೊಟ್ಟಿದ್ದು ನಾನೂರ ಹತ್ತು.

ಈಗ ಕತ್ತರಿಯನ್ನು ಆ ತುದಿಯಿಂದ ಇಡುತ್ತೇನೆ.
ತಾರೀಖು ಅವರ ಜೊತೆ ಹೋಗಲಿ.
ಬೆಳ್ಳಿ ಹಾಳೆಯ ಮೇಲೆ ಪೆನ್ನು ನಿಲ್ಲುವುದಿಲ್ಲ, ಜಾರುತ್ತದೆ;
ಕಾಗದದ ಕವರಿನ ಮೇಲೆ ಬರೆಯುತ್ತೇನೆ,
ಓದು ಬಾರದವರಿಗೆ ಸೂರ್ಯ, ಚಂದ್ರ.
ನನ್ನ ಚಂದ್ರ ಬಾಳೆಹಣ್ಣಿನ ಹಾಗಿರುತ್ತದೆ.
ತಾರೀಖಿಲ್ಲದ ತುಂಡುಗಳು ಡ್ರಾಯರಿನಲ್ಲಿ ಬೆಳೆಯುತ್ತಿವೆ.
ಸೋಹನ್‌ಲಾಲರು ಅದನ್ನು ಎಳೆದು ನೋಡುತ್ತಾರೆ,
ನೂಕುತ್ತಾರೆ, ಏನೂ ಅನ್ನುವುದಿಲ್ಲ.
ತಿಂಗಳ ಕೊನೆಗೆ ಅನ್ನಬಹುದು.

ನಿನ್ನೆ ಕೆಂಪಾಜಮ್ಮ ಬಂದಳು.
ಸೊಟ್ಟಗೆ ಕೂಡಿಕೊಂಡ ಮಣಿಕಟ್ಟಿನಿಂದ
ಚೀಲದ ದಾರ ಬಿಚ್ಚಿ, ಎರಡೂ ಶೀಟು ಸುರಿದು,
"ಇದಾ, ಅದಾ? ಒಂದ್ಸಾರಿ ಸರ್ಯಾಗ್ ಹೇಳ್ಬುಡವ್ವ" ಅಂದಳು.

ಸಾಲಿನಲ್ಲಿ ಹಿಂದೆ ಆರು ಜನ ನಿಂತಿದ್ದರು.
ಎರಡೂ ಒಂದೇ ಕಣಮ್ಮ, ಅಂದೆ.
ತಡೆದು, ಅವಳ ಒಳ್ಳೆಯ ಕೈ ಹಿಡಿದು,
ನಾಲ್ಕು ಬೆರಳು ಮಡಿಸಿ, ಒಂದನ್ನು ಎತ್ತಿ ನಿಲ್ಲಿಸಿ
ಮತ್ತೆ ಹೇಳಿದೆ:
ಎರಡೂ ಒಂದೇ. ಅದಕ್ಕೇ
ಒಂದೇ.